ಸಂದಿಗೆ ಬಿದ್ದವರು

"ನಾನೆಲ್ಲಿ?" ಅಂದಳು ಅಕ್ಕ, ಪರದೆಗೆ ಮೂಗು ತಾಗಿಸಿ.

ಅಮ್ಮನ ಹುಟ್ಟುಹಬ್ಬದ ಬ್ಯಾನರಿಗೆಂದು ಡಿಸೈನರ್ 'ಅಮ್ಮ' ಅನ್ನುವ ದಪ್ಪ ಅಕ್ಷರಗಳೊಳಗೆ ಮನೆಮಂದಿಯ ಫೋಟೊ ತುಂಬಿಸಿದ್ದ. ಎರಡು ಅಕ್ಷರಗಳ ಸಂದಿಗೆ ಬಿದ್ದ ಮುಖ ಮಾತ್ರ ಮಾಯ. ಅವನು ಫೋಟೊವನ್ನು ಎಡಕ್ಕೆ ಎಳೆದ. ಅಕ್ಕ ಬಂದಳು, ತಂಗಿ ಹೋದಳು.

"ಅವರಿರಬೇಕು, ನಾನಿರಬಾರದು ಅಂತ ಅವರೇ ಹೇಳಿಕೊಟ್ರಾ ನಿಮಗೆ?" ತಂಗಿ ಕೇಳಿದ್ದು ಡಿಸೈನರನ್ನ. ಅಕ್ಕತಂಗಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಫೋಟೊದಲ್ಲೂ ಇಬ್ಬರ ನಡುವೆ ಗೋಡೆಯ ಹಾಗೆ ಅಣ್ಣ ನಿಂತಿದ್ದ. ಇವಳ ಮಾತು ಅವಳಿಗೆ, ಅವಳ ಮಾತು ಇವಳಿಗೆ ಉಪ್ಪುಖಾರ ಹಚ್ಚಿ ಮುಟ್ಟಿಸುತ್ತಿದ್ದವನು ಅವನೇ.

"ನನಗೂ ಬಾಯಿದೆ ಅಂತ ಅವಳಿಗೆ ಹೇಳಿ," ಅಂದಳು ಅಕ್ಕ.

ಡಿಸೈನರ್ ಬೆವರೊರೆಸಿಕೊಂಡು ಫೋಟೊವನ್ನು ಒಂಚೂರು ಬಲಕ್ಕೆ ಸರಿಸಿದ. ಮೊದಲ ಅಕ್ಷರದೊಳಗೆ ಅಕ್ಕ ನಕ್ಕಳು, ಎರಡನೆಯದರೊಳಗೆ ತಂಗಿ. ಅಣ್ಣ ಸಂದಿಗೆ ಬಿದ್ದು ಮಾಯವಾದ.

"ಅಯ್ಯೋ, ಇವರು ಹೋದರಲ್ಲ," ಎಂದು ಅವನು ಮತ್ತೆ ಮೌಸಿಗೆ ಕೈ ಹಾಕಿದ.

"ಇರಲಿ ಬಿಡಿ," ಅಂದರು ಇಬ್ಬರೂ ಒಟ್ಟಿಗೆ.

ತಂಗಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಕ್ಕಾ, ಅಣ್ಣ ಕೇಳಿದ್ರೆ ಏನನ್ನೋಣ?"

ಅಕ್ಕ ಡಿಸೈನರನ್ನು ತೋರಿಸಿದಳು. "ಎಷ್ಟು ಹೇಳಿದ್ರೂ ಈ ಮಹರಾಯರು ಕೇಳಲಿಲ್ಲ ಅನ್ನೋಣ ಕಣೇ."