ಗೋಡೆಯಿಂದ ಇಳಿದ ಸೈಕಲ್ಲು

“ಥೂ, ಇದೇನಮ್ಮ ಇದು! ಸೈಕಲ್ಲೋ, ಹಲ್ಲಿಗಳ ಕಕ್ಕಸೋ?”

ಮೆಕ್ಯಾನಿಕ್ ಎರಡೇ ಬೆರಳಲ್ಲಿ ಸೀಟು ಹಿಡಿದು ಸೈಕಲ್ಲನ್ನು ಅಂಗಡಿಯೊಳಗೆ ಎಳೆದುಕೊಂಡ. ಹ್ಯಾಂಡಲ್ ತುಂಬ ಹಲ್ಲಿ ಹಿಕ್ಕೆ. ಸೀಟಿನಡಿ ಜಿರಳೆ ಮೊಟ್ಟೆ. ಹಿಂದಿನ ಚಕ್ರದ ಐದು ಗಿಯರೂ ಧೂಳು, ಗ್ರೀಸು, ಯಾರದೋ ಉದ್ದ ಕೂದಲು ಎಲ್ಲ ಸೇರಿ ಒಂದೇ ಕರಿ ಮುದ್ದೆ.

“ಗಿಯರೆಲ್ಲ ಕಿತ್ತು ಬಿಸಾಕಿ ಅಂಕಲ್. ಒಂದೇ ಸ್ಪೀಡ್ ಸಾಕು,” ಎಂದಳು ಹುಡುಗಿ. ಕೊರಳಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನ ಗುರುತಿನ ಚೀಟಿ ನೇತಾಡುತ್ತಿತ್ತು. “ಮನೆಯಿಂದ ಲ್ಯಾಬಿಗೆ ನಾಲ್ಕೇ ಕಿಲೋಮೀಟರ್, ಎಲ್ಲಾ ಸಮತಟ್ಟು. ಗಿಯರ್ ಲಿವರಂತೂ ಅಲ್ಲಾಡ್ತಾನೇ ಇಲ್ಲ. ಅಪ್ಪಂದು ಇದು. ಗೋಡೆ ಮೇಲೆ ಸುಮ್ನೆ ಕೊಳೀತಾ ಇತ್ತು.”

ಅವನು ಬಟ್ಟೆ ತೆಗೆದುಕೊಂಡು ಫ್ರೇಮು ಒರೆಸಿದ. ಕೆಂಪು ಬಣ್ಣದ ಹನ್ನೊಂದು ನಂಬರು ಕಾಣಿಸಿತು. ಕೈ ಅಲ್ಲೇ ನಿಂತಿತು.

“ನೀನು ಚಾಂಪಿಯನ್ ಮಗಳಾ?”

“ಹೂಂ. ನಿಮಗೆ ಗೊತ್ತಾ ಅಪ್ಪ?”

ಗೊತ್ತಿಲ್ಲದೆ ಏನು! ಮೂವತ್ತೊಂದು ವರ್ಷದ ಹಿಂದಿನ ಬೆಟ್ಟದ ಸ್ಪರ್ಧೆ. ಹದಿನಾಲ್ಕು ಕಿಲೋಮೀಟರ್ ಏರು. ಗೆದ್ದವನಿಗೆ ಟ್ರೋಫಿ, ಅದರ ಬೆನ್ನಿಗೇ ಕ್ರೀಡಾ ಕೋಟಾದಲ್ಲಿ ಕಾಯಂ ನೌಕರಿ. ಎರಡನೆಯವನಿಗೆ ಬರೀ ಒಂದು ಹಸ್ತಲಾಘವ. ಆ ಎರಡನೆಯವನೇ ಈ ಮೆಕ್ಯಾನಿಕ್. ನಾಲ್ಕು ನಿಮಿಷದ ಅಂತರದಲ್ಲಿ ಸೋತಿದ್ದ. ಅಂದಿನಿಂದ ಊರವರ ಸೈಕಲ್ಲುಗಳಿಗೆಲ್ಲ ಗಾಳಿ ಹಾಕಿದ್ದಾನೆ, ತಾನು ಮಾತ್ರ ಒಂದರ ಮೇಲೂ ಕೂತಿಲ್ಲ. ಈ ಕಾಲಿಗೆ ಅಷ್ಟೇ ಯೋಗ್ಯತೆ ಎಂದುಕೊಂಡು ಬಿಟ್ಟಿದ್ದಾನೆ.

ಆ ದಿನ ನೆನೆದರೆ ಈಗಲೂ ಅವನಿಗೆ ವಾಕರಿಕೆ. ಮೊದಲು ಮುಂದೆ ಇದ್ದವನು ಈ ಮೆಕ್ಯಾನಿಕ್ಕೇ. ಅರ್ಧ ದಾರಿಯಲ್ಲಿ ದಟ್ಟ ಮಂಜು. ಮಂಜಿನೊಳಗೆ ಒಂದು ಕಲ್ಲಿನ ಲಾರಿ ಏದುಸಿರು ಬಿಡುತ್ತ ಪಕ್ಕದಲ್ಲೇ ಹಾದು ಡೀಸೆಲ್ ಹೊಗೆಯನ್ನೆಲ್ಲ ಮುಖಕ್ಕೆ ಉಗುಳಿತು. ರಸ್ತೆ ಬದಿಗೆ ಇಳಿದು ವಾಂತಿ ಮಾಡಿಕೊಂಡ. ತುದಿ ಮುಟ್ಟಿದಾಗ ಚಾಂಪಿಯನ್ ಆಗಲೇ ಅಲ್ಲಿ ನಿಂತಿದ್ದ, ಬಲ ಅಂಗೈಗೆ ಕರವಸ್ತ್ರ ಸುತ್ತಿಕೊಂಡು. ಬ್ರೇಕ್ ವಯರು ಕಿತ್ತುಬಂದು ಕೊಯ್ದಿತಂತೆ. ರಕ್ತ ಸುರಿಯುವ ಕೈಯಲ್ಲಿ ಬೆಟ್ಟ ಹತ್ತಿದವನು ಎಂದು ಪತ್ರಿಕೆಯವರು ಹೊಗಳಿದ್ದೇ ಹೊಗಳಿದ್ದು.

“ಈ ಸೈಕಲ್ ಗಿಯರ್ ಕೀಳೋದಾ? ಅಸಹ್ಯ ಆಗುತ್ತಮ್ಮ ಕೇಳೋಕೆ,” ಎಂದ. “ಈ ದೊಡ್ಡ ಗಿಯರಿಗೆ ಚೈನು ಹಾಕದೆ ಆ ಏರಲ್ಲಿ ನೂರು ಗಜ ಹೋಗೋಕಾಗಲ್ಲ. ನಿಮ್ಮಪ್ಪ ಹದಿನಾಲ್ಕು ಕಿಲೋಮೀಟರ್ ತುಳಿದ. ಸಂಜೆ ಬಾ. ಮಾಡೋದೋ ಬಿಡೋದೋ ಆಗ ಹೇಳ್ತೀನಿ.”

ಅವಳು ಹೋಗಿ ಗಂಟೆಯಾಗಿರಲಿಲ್ಲ, ಫೋನು ಬಂತು.

“ಸೈಕಲ್ ಬಿಚ್ಚಿದೆಯೇನೋ?” ಚಾಂಪಿಯನ್ ದನಿ ನಡುಗುತ್ತಿತ್ತು. “ಮುಟ್ಟಬೇಡ! ಆ ಹುಡುಗಿಗೆ ಬುದ್ಧಿ ಇಲ್ಲ. ಗೆದ್ದ ದಿನ ಗೋಡೆಗೆ ಏರಿಸಿದ್ದು, ಇವತ್ತಿನವರೆಗೂ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ. ಸಂಜೆ ನಾನೇ ಬರ್ತೀನಿ.”

ಮೆಕ್ಯಾನಿಕ್ ಫೋನಿಗೇ ಕೈ ಮುಗಿದ. ನೋಡು, ಗೆದ್ದವನ ಅಭಿಮಾನ ಅಂದರೆ ಇದು! ಅಂಥವನ ಸೈಕಲ್ಲನ್ನು ಈ ಗಲೀಜಿನಲ್ಲೇ ವಾಪಸು ಕೊಡುವುದೆ? ಗಿಯರ್ ಕೀಳುವುದಿಲ್ಲ ಎಂದು ಅಲ್ಲಿಗೆ ತೀರ್ಮಾನವಾಯಿತು. ತೊಳೆದು ಫಳಫಳ ಮಾಡಿ ಕೊಡಬೇಕು, ಬಿಡಿಗಾಸೂ ಮುಟ್ಟಬಾರದು.

ಐದು ಹಲ್ಲುಚಕ್ರಗಳ ಗಿಯರ್ ಕಟ್ಟನ್ನು ಬಿಚ್ಚಿ ಸೀಮೆಎಣ್ಣೆಯ ಬಾಣಲೆಗೆ ಹಾಕಿದ. ಮುದ್ದೆ ಕರಗಿ ಜಿರಳೆ ಕಾಲುಗಳು ತೇಲಿದವು. ಮೂಗು ಮುಚ್ಚಿಕೊಂಡು ಉಜ್ಜಿದ. ಇದು ಚಾಂಪಿಯನ್ ಸ್ಪರ್ಧೆಯ ಬೆಳಿಗ್ಗೆಯೇ ಹಾಕಿಸಿದ್ದ ಹೊಚ್ಚ ಹೊಸ ಕಟ್ಟು. ಸಾಲಲ್ಲಿ ನಿಂತವರಿಗೆಲ್ಲ ತೋರಿಸಿ ಜಂಬ ಕೊಚ್ಚಿದ್ದ ಪುಣ್ಯಾತ್ಮ. ಹೊಸ ಗಿಯರಿನ ಹಲ್ಲಿಗೆ ಮಿರುಗುವ ಕಪ್ಪು ಲೇಪ ಇರುತ್ತದೆ. ಚೈನು ಕೂತು ಒಂದು ಕಿಲೋಮೀಟರ್ ಓಡಿದರೆ ಹಲ್ಲಿನ ಸಂದಿಯ ಲೇಪ ಕಿತ್ತುಹೋಗಿ ಬಿಳಿ ಉಕ್ಕು ಕಾಣುತ್ತದೆ. ಬಳಸಿದ್ದನ್ನು ಹೊಸದೆಂದು ಮಾರಲು ಬರುವ ಕಳ್ಳರನ್ನು ಮೆಕ್ಯಾನಿಕ್ ಹಿಡಿಯುವುದೇ ಹೀಗೆ.

ಒರೆಸಿದ. ಬೆಳಕಿಗೆ ಹಿಡಿದ. ಇನ್ನೊಮ್ಮೆ ಅದ್ದಿ, ಉಜ್ಜಿ, ಮತ್ತೆ ಹಿಡಿದ. ಕಟ್ಟನ್ನು ಮೇಜಿನ ಮೇಲಿಟ್ಟ. ಆಮೇಲೆ ಮೂರು ಸಲ ಸೋಪು ಹಾಕಿ ಕೈ ತೊಳೆದುಕೊಂಡ.

ಸಂಜೆ ಅಪ್ಪ ಮಗಳು ಇಬ್ಬರೂ ಬಂದರು. ಚಾಂಪಿಯನ್‌ಗೆ ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಮೇಜಿನ ಮೇಲೆ ತೊಳೆದಿಟ್ಟ ಗಿಯರ್ ಕಟ್ಟು ಕಂಡದ್ದೇ ಬಾಗಿಲಲ್ಲೇ ನಿಂತುಬಿಟ್ಟ.

“ಬಿಚ್ಚಬೇಡ ಅಂದಿರಲಿಲ್ವೇನೋ?”

“ನಿನ್ನ ಮೇಲಿನ ಗೌರವಕ್ಕೆ ಬಿಚ್ಚಿದೆ,” ಎಂದ ಮೆಕ್ಯಾನಿಕ್. “ಬಲಗೈ ತೋರಿಸು.”

ಚಾಂಪಿಯನ್ ಮುಷ್ಟಿ ಬಿಗಿ ಹಿಡಿದ. ಆದರೂ ಅಂಗೈಗೆ ಅಡ್ಡಲಾಗಿದ್ದ ಹಗ್ಗದಷ್ಟು ದಪ್ಪದ ಗಾಯದ ಗುರುತಿನ ತುದಿ ಕಿರುಬೆರಳ ಕೆಳಗೆ ಇಣುಕುತ್ತಿತ್ತು. ತೆಳು ಬ್ರೇಕ್ ವಯರು ಕೊಯ್ದ ಗುರುತಲ್ಲ ಅದು.

ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. “ಏನಾಯ್ತು ಅಂಕಲ್? ಗಿಯರ್ ಕೀಳೋದಾ, ಬೇಡ್ವಾ?”

“ಕಿತ್ತು ಬಿಸಾಕೋಣ ಕಣಮ್ಮ,” ಎಂದ ಮೆಕ್ಯಾನಿಕ್. ಕಟ್ಟನ್ನು ಅವಳ ಕೈಗಿಟ್ಟು, ಅತಿ ದೊಡ್ಡ ಗಿಯರಿನ ಹಲ್ಲುಗಳ ಮೇಲೆ ಬೆರಳಾಡಿಸಿ ತೋರಿಸಿದ. ಒಂದು ಸಂದಿಯ ಕಪ್ಪೂ ಕಿತ್ತುಹೋಗಿರಲಿಲ್ಲ.

“ನಿಮ್ಮಪ್ಪನ ಚೈನು ಇದರ ಮೇಲೆ ಕೂತೇ ಇಲ್ಲ. ಆ ಬೆಟ್ಟ ಹತ್ತಿದ್ದು ಲಾರಿ.”