ಆನ್ ಮಾಡಿದಾಗಿನ ಕರಕರ ಸದ್ದು

ಅರಿಶಿನ ಕಲಸಿದ ಅಕ್ಕಿಯ ವಾಸನೆ ಬಂದರೆ ಈಗಲೂ ನನ್ನ ಎಡಗೆನ್ನೆ ಉರಿಯುತ್ತದೆ.

ತಮಿಳು ಸೀಮೆಯ ಕ್ರೋಂಪೇಟೆಯ ನಮ್ಮ ಮನೆಯಲ್ಲಿ, ಆಯುಧಪೂಜೆಯ ಮಾರನೇ ಮಧ್ಯಾಹ್ನ, ಅಪ್ಪ ಆನ್ ಮಾಡಿದೊಡನೆ ಕಂಪ್ಯೂಟರ್ ಕರಕರ ಎಂದು ಅರಚಿತು.

"ಗೇಮ್ ಆಡಿ ಆಡಿ ಹಾಳು ಮಾಡಿದ್ಯಲ್ಲೇ!" ಎಂದರು.

"ನಾ ಪಣ್ಣಲಪ್ಪಾ," ಎಂದೆ, ನಾನು ಮಾಡಿಲ್ಲ ಅಂತ.

"ಸುಳ್ಳು ಬೇರೆ, ಅದೂ ತಮಿಳಲ್ಲಿ!" ಕೆನ್ನೆಗೆ ಬಿತ್ತು.

ಆಮೇಲೆ ಸ್ಕ್ರೂ ಬಿಚ್ಚಿ ನೋಡಿದರು. ಫ್ಯಾನಿನ ರೆಕ್ಕೆಗಳ ನಡುವೆ ಹಳದಿ ಅಕ್ಕಿಕಾಳುಗಳು ಸಿಕ್ಕಿಕೊಂಡಿದ್ದವು. ಹಿಂದಿನ ದಿನ ಮಂತ್ರ ಹೇಳುತ್ತ ಕಂಪ್ಯೂಟರಿನ ಮೇಲೆ ಮುಷ್ಟಿ ತುಂಬ ಅಕ್ಷತೆ ಎರಚಿದವರು ಅಪ್ಪನೇ.

ಕೊಡವಿದಾಗ ಕಾಳು ನೆಲಕ್ಕೆ ಉದುರಿದವು. ನನಗೆ ಹೊಡೆದ ಕೈಯಲ್ಲೇ ಒಂದನ್ನೆತ್ತಿ ಕಣ್ಣಿಗೊತ್ತಿಕೊಂಡರು.

"ತುಳೀಬಾರದು. ಉಳಿದಿದ್ದನ್ನ ನೀನು ಆರಿಸು."

ಆರಿಸಿದೆ. ಕೊನೆಯ ಕಾಳನ್ನು ಮಾತ್ರ ಅವರ ಕಣ್ಣೆದುರೇ ತುಳಿದೆ.