ಹಂಚಿನ ಮೇಲೆ ಮಡಲು

“ಹಂಚಿನ ಮೇಲೆ ಮಡಲು ಹೊದೆಸುವುದಾ? ಜನ ನಗ್ತಾರೆ ಹವ್ವಮ್ಮ!” ಚೆನ್ನಪ್ಪ ಏಣಿಗೆ ಅಡ್ಡ ನಿಂತ. ಒಳಗೆ ಅವನ ಹನ್ನೆರಡು ದಿನದ ಮಗುವಿನ ಮೈ ಕಾದ ಹಂಚಿನ ಸೆಕೆಗೆ ಸುಡುತ್ತಿತ್ತು. ಅತ್ತು ಅತ್ತು ಸ್ವರ ಒಡೆದಿತ್ತು.

“ನಗಲಿ ಮಾರಾಯ. ನಗುವವರ ಮಗು ಈ ಮಾಡಿನ ಕೆಳಗೆ ಮಲಗಿದೆಯಾ?” ನೆರೆಮನೆಯ ಹವ್ವಮ್ಮ ಹೆಣೆದ ತೆಂಗಿನ ಮಡಲಿನ ಹೊರೆಯನ್ನು ಅವನ ಕೈಗೆ ನೂಕಿದಳು.

ಹಂಚಿನ ಕಾರ್ಖಾನೆಯ ಸುಡುಗೂಡಿನೆದುರು ಹದಿನಾಲ್ಕು ವರ್ಷ ಬೆಂದವನು ಚೆನ್ನಪ್ಪ. ಕಾರ್ಖಾನೆ ನಡೆಸುವ ದೊರೆ ಬಿಟ್ಟಿ ಕೊಟ್ಟ ಸೊಟ್ಟ ಹಂಚನ್ನು, ಹಳೆಯ ಹುಲ್ಲುಮಾಡು ಕಿತ್ತು, ಈ ಬೇಸಗೆಯಲ್ಲೇ ಹೆಮ್ಮೆಯಿಂದ ಹೊದೆಸಿದ್ದ. ಬಿಜೈಯಲ್ಲಿದ್ದ ದೊರೆಯ ಬಂಗಲೆಯಲ್ಲಿ ಹಂಚು ಎರಡಾಳೆತ್ತರದಲ್ಲಿತ್ತು, ಅದರಡಿ ಮರದ ಮುಚ್ಚಿಗೆಯೂ ಇತ್ತು. ಹಂಚು ಸುಟ್ಟವನ ಮನೆಯಲ್ಲಿ ಅದು ನೆತ್ತಿಗೆ ತಾಗುತ್ತಿತ್ತು.

ಅವನು ಏಣಿ ಹತ್ತಿದ. ಹವ್ವಮ್ಮ ಒಂದೊಂದೇ ಮಡಲನ್ನು ನೀರಲ್ಲಿ ಅದ್ದಿ ಕೊಟ್ಟಳು. ಕೊನೆಯದನ್ನು ಕಟ್ಟುವಾಗ ಅಳು ನಿಂತಿತು. ಚೆನ್ನಪ್ಪ ಹೆದರಿ ಇಳಿದು ಒಳಗೋಡಿದ. ಹೆಂಡತಿ ಕಿನ್ನಿ ತುಟಿಗೆ ಬೆರಳಿಟ್ಟಳು. ಮಗು ಹಾಲು ಕುಡಿಯುತ್ತಿತ್ತು.

ಹೊರಗೆ ಬಂದಾಗ ಬೇಲಿಯಾಚೆ ಹವ್ವಮ್ಮನ ಬೋಳು ಮಾಡು ಕಂಡಿತು. ಮಳೆಗಾಲಕ್ಕೆಂದು ಅವಳು ಹೆಣೆದಿಟ್ಟಿದ್ದ ಮಡಲುಗಳೆಲ್ಲ ಈಗ ಅವನ ಮನೆಯ ಮೇಲಿದ್ದವು.

“ನಿಮ್ಮ ಮಾಡಿಗೆ?”

“ಮಳೆಗೆ ಇನ್ನೂ ಹದಿನೈದು ದಿನ ಉಂಟಲ್ಲ, ಕೈ ಇರುವುದು ಎಂತಕ್ಕೆ?”

ಚೆನ್ನಪ್ಪ ಬೇಲಿ ದಾಟಿ, ಅವಳ ಅಂಗಳದಲ್ಲಿ ಕುಳಿತು, ಒಂದು ಹಸಿ ಮಡಲನ್ನು ಎಳೆದುಕೊಂಡು ಹೆಣೆಯತೊಡಗಿದ.